ಹನ್ನೊಂದು ತಿಂಗಳ ಒಕ್ಕಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಬಾಡಿಗೆ ಮನೆ ಹುಡುಕುವ ಪಾಡನ್ನು ಅವರು ಆ ಗಾದೆಗೆ ಸೇರಿಸಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ; ಗಾದೆ ಕಟ್ಟಿದವರಿಗೆ ಬೆಂಗಳೂರಿಗೆ ವರ್ಗವಾಗಿರಲಿಲ್ಲ.

ನನಗೆ 2025ರ ಬೇಸಗೆಯಲ್ಲಿ ಆಯಿತು. ಅದುವರೆಗೆ ನಾನು ಕಲಿತದ್ದೂ ಕಲಿಸಿದ್ದೂ ಕಲಬುರಗಿ ಜಿಲ್ಲೆಯ ಎಲ್ಲೆಯೊಳಗೇ. ನಮ್ಮ ಊರು ವಾಡಿ. ಹೆಸರು ಕೇಳಿದೊಡನೆ ಬೆಂಗಳೂರಿನವರು, “ಮಹಾರಾಷ್ಟ್ರವೇ?” ಎಂದು ವಿಚಾರಿಸುತ್ತಾರೆ. ರೈಲಿನಲ್ಲಿ ಮುಂಬಯಿಗೆ ಹೋಗಿಬಂದವರಾದರೆ, “ಓ, ಗಾಡಿ ನಿಲ್ಲುತ್ತದಲ್ಲ, ಅದೇ!” ಎನ್ನುತ್ತಾರೆ. ಅದೇ. ಮುಂಬಯಿ–ಚೆನ್ನೈ ದಾರಿಯಿಂದ ಸಿಕಂದರಾಬಾದಿನ ದಾರಿ ಕವಲೊಡೆಯುವುದು ಅಲ್ಲಿ. ನಿಜಾಮರ ಕಾಲದಲ್ಲಿ, 1874ರಲ್ಲಿ, ಆ ಕವಲು ತೆರೆಯಿತು. ಊರಿನ ಅಡಿಯಲ್ಲೆಲ್ಲ ಸುಣ್ಣದ ಕಲ್ಲು. ಹಾಸುಹಾಸಾಗಿ ಎದ್ದುಬರುವ ಆ ಕಲ್ಲು ನೆರೆಯ ಶಹಾಬಾದಿನ ಹೆಸರು ಹೊತ್ತು ದೇಶದ ಎಷ್ಟೋ ಮನೆ, ಮಠ, ರೈಲು ನಿಲ್ದಾಣಗಳ ನೆಲವಾಯಿತು. ನಮ್ಮ ಕಡೆ ಅದನ್ನು ಫರಸಿ ಎನ್ನುತ್ತೇವೆ. ಹಾಸಾಗದ ಕಲ್ಲು ಬೆಂದು, ಅರೆದು, ಸಿಮೆಂಟಾಗುತ್ತದೆ. ವಾಡಿಯ ಸಿಮೆಂಟು ಕಾರ್ಖಾನೆ ಆರಂಭವಾದದ್ದು 1968ರಲ್ಲಿ. ನಮ್ಮ ತಂದೆ ಹುಡುಗರಾಗಿದ್ದಾಗ ಕಲ್ಲಿನ ಗಣಿಯಲ್ಲಿ ದುಡಿದವರು. ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಿಮೆಂಟಿನ ಪರೀಕ್ಷಾಲಯದಲ್ಲಿ ಸಹಾಯಕರಾಗಿದ್ದರು. ಗಾರೆಯ ಘನಗಳನ್ನು ಅಚ್ಚುಹಾಕಿ, ನೀರಿನಲ್ಲಿಟ್ಟು, ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ ಒತ್ತಿ ಒಡೆದು ಅವುಗಳ ಬಲವನ್ನು ಬರೆದಿಡುವುದು ಅಲ್ಲಿಯ ಕೆಲಸ. ಇದನ್ನು ಇಷ್ಟು ವಿಸ್ತಾರವಾಗಿ ಹೇಳುವುದಕ್ಕೆ ಕಾರಣವುಂಟು, ಮುಂದೆ ಗೊತ್ತಾಗುತ್ತದೆ.

ವರ್ಗದ ಆಜ್ಞೆ ಬಂದಾಗ ಮನೆಯಲ್ಲಿ ಇನ್ನೊಂದು ಮಾತು ಮೊದಲೇ ನಡೆದಿತ್ತು. ನಮ್ಮ ತಾಯಿಯವರ ಎರಡು ಮೊಣಕಾಲುಗಳೂ ಸವೆದು, ಹೊಸ್ತಿಲು ದಾಟಲು ಗೋಡೆ ಹಿಡಿಯುವ ಸ್ಥಿತಿ ಬಂದಿತ್ತು. ಶಸ್ತ್ರಚಿಕಿತ್ಸೆಯನ್ನು ಬೆಂಗಳೂರಿನಲ್ಲಿ ಮಾಡಿಸುವುದೆಂದು ನಿಶ್ಚಯವಾಗಿ, ಆಗಸ್ಟ್ ತಿಂಗಳಲ್ಲಿ ದಿನವೂ ಗೊತ್ತಾಗಿತ್ತು. ಅದಕ್ಕೆಂದು ತಂದೆಯವರು ತಮ್ಮ ನಿವೃತ್ತಿಯ ಹಣದಲ್ಲಿ ನಾಲ್ಕು ಲಕ್ಷ ರೂಪಾಯಿಯನ್ನು ಅಂಚೆ ಕಚೇರಿಯಲ್ಲಿ ಇಟ್ಟಿದ್ದರು. ಹೀಗಾಗಿ ನಮಗೆ ಬೇಕಾದ ಮನೆಯ ಲಕ್ಷಣಗಳು ಮೂರು: ಕಾಲೇಜಿಗೂ ಆಸ್ಪತ್ರೆಗೂ ಹತ್ತಿರವಿರಬೇಕು, ಮೆಟ್ಟಿಲು ಹತ್ತದೆ ಮನೆ ಸೇರಲು ಲಿಫ್ಟ್ ಇರಬೇಕು, ಆ ನಾಲ್ಕು ಲಕ್ಷವನ್ನು ಮುಟ್ಟಬಾರದು.

ಮೊದಲೆರಡನ್ನು ಕೇಳಿದರೆ ಬೆಂಗಳೂರು ನಿಮ್ಮನ್ನು ವೈಟ್‌ಫೀಲ್ಡಿಗೆ ಕರೆದೊಯ್ಯುತ್ತದೆ. ಮೂರನೆಯದನ್ನು ಕೇಳಿದರೆ ಅಲ್ಲಿಂದ ಓಡಿಸುತ್ತದೆ.

ಈ ವೈಟ್‌ಫೀಲ್ಡಿನ ಕಥೆಯೇ ಒಂದು ವಿನೋದ. 1882ರಲ್ಲಿ ಮೈಸೂರಿನ ಮಹಾರಾಜರಾದ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ ಜನರ ಸಂಘಕ್ಕೆ ಸುಮಾರು 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಪರರ ಚಾಕರಿಯಲ್ಲಿ ಕಾಲ ಕಳೆಯುವ ಜನಕ್ಕೆ ತಮ್ಮದೆಂಬ ನೆಲವೊಂದಿರಲಿ, ಬೇಸಾಯ ಮಾಡಿಕೊಂಡಿರಲಿ ಎಂಬುದು ಉದ್ದೇಶ. ಸಂಘದ ಮುಂದಾಳು ಡಿ. ಎಸ್. ವೈಟ್ ಎಂಬವರ ಹೆಸರೇ ಊರಿಗೆ ನಿಂತಿತು. ನೆಲೆಯಿಲ್ಲದವರಿಗೆ ನೆಲೆಯಾಗಲೆಂದು ಹುಟ್ಟಿದ ಊರು ಅದು. ಈಗ ಅಲ್ಲಿ ಎರಡು ಮಲಗುವ ಕೋಣೆಗಳ ಹೊಸ ಮನೆಗೆ ನನಗೆ ಕೇಳಿಬಂದ ಬಾಡಿಗೆ ಮೂವತ್ತೆರಡು ಸಾವಿರದಿಂದ ನಲವತ್ತೈದು ಸಾವಿರದವರೆಗೆ. ನಿರ್ವಹಣೆಯ ಹಣ ಬೇರೆ. ವಾಡಿಯಲ್ಲಿ ನನ್ನ ಸಹೋದ್ಯೋಗಿಯೊಬ್ಬರು ಐದೂವರೆ ಸಾವಿರಕ್ಕೆ ಅಂಗಳವಿರುವ ಮನೆಯಲ್ಲಿದ್ದಾರೆ. 2023ರ ಮಾರ್ಚಿನಲ್ಲಿ ಮೆಟ್ರೋ ರೈಲು ವೈಟ್‌ಫೀಲ್ಡಿಗೆ ಬಂದಿತು. ಅದೇ ಅಕ್ಟೋಬರಿನಲ್ಲಿ ನಡುವಣ ಕೊಂಡಿ ಸೇರಿ ನಗರದ ಪಶ್ಚಿಮದ ತುದಿಯವರೆಗೂ ಒಂದೇ ದಾರಿಯಾಯಿತು. “ಮೆಟ್ರೋ ಪಕ್ಕದಲ್ಲೇ ಸಾರ್,” ಎಂಬ ಮಾತಿಗೆ ಎಷ್ಟು ಸಾವಿರ ಬೆಲೆಯೆಂಬುದನ್ನು ನಾನು ನಡೆದು ನಡೆದು ಅಳೆದಿದ್ದೇನೆ. ಆ ಪಕ್ಕವು ಕೆಲವೊಮ್ಮೆ ಎರಡು ಮೈಲಿ ಇರುತ್ತದೆ.

ಮನೆ ತೋರಿಸಿದ ದಲ್ಲಾಳಿ ಇಪ್ಪತ್ತೈದರ ತರುಣ, ಚುರುಕು. ಒಂದು ತಿಂಗಳ ಬಾಡಿಗೆ ಅವನ ದಕ್ಷಿಣೆ. ಮೊದಲ ದಿನವೇ ನನಗೆ ಉಪದೇಶ ಮಾಡಿದ: “ಸಾರ್, ಓನರ್ ಏನು ಕೇಳಿದ್ರೂ ಬೇಜಾರು ಮಾಡ್ಕೋಬೇಡಿ.” ಓನರುಗಳು ಕೇಳಿದರು. ನೀವು ಎಷ್ಟು ಜನ? ಮಾಂಸ ಬೇಯಿಸುವಿರಾ? ವಯಸ್ಸಾದವರು ಇರುವರೆ? ನೆಂಟರು ಬಹಳ ಬರುವರೆ? ನಿಮ್ಮ ಕಡೆಯವರು ಜೋರಾಗಿ ಮಾತನಾಡುವರಂತಲ್ಲ, ಹೌದೇ? ಇವೆಲ್ಲಕ್ಕೂ ಉತ್ತರವಿತ್ತು; ಕೊನೆಯದಕ್ಕಂತೂ ಜೋರಾಗಿಯೇ ಉತ್ತರಿಸಬಹುದಿತ್ತು. ಒಬ್ಬ ವೃದ್ಧ ಗೃಹಸ್ಥರು ಮಾತ್ರ ಕಾಫಿ ತರಿಸಿ, ಉಪಚರಿಸಿ, ಬಹು ಮೃದುವಾಗಿ ಕೇಳಿದರು: “ತಪ್ಪು ತಿಳಿಯಬೇಡಿ. ನೀವು ಯಾವ ಜನ?”

“ಮೇಷ್ಟರ ಜನ,” ಎಂದೆ.

ಅವರು ನಕ್ಕರು, ನಾನೂ ನಕ್ಕೆ. ಮರುದಿನ ಮನೆ ಬೇರೆಯವರಿಗೆ ನಿಶ್ಚಯವಾಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಇವನಾರವನೆಂದು ಕೇಳಬೇಡವೆಂದವರ ನಾಡಿನಿಂದ ನಾನು ಬಂದವನು. ಈ ಪ್ರಶ್ನೆಯನ್ನು ತರಗತಿಯಲ್ಲಿ ಪಾಠವಾಗಿ ಹೇಳುವುದು ಸುಲಭ. ಕಾಫಿಯ ಬಟ್ಟಲು ಕೈಯಲ್ಲಿರುವಾಗ ಎದುರಿಸುವುದು ಬೇರೆ.

ಇನ್ನು ಮುಂಗಡದ ವಿಚಾರ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ಪದ್ಧತಿ ಬಹುಕಾಲದಿಂದ ಬಂದದ್ದು. ಮುಂಗಡಕ್ಕೆ ಬಡ್ಡಿಯಿಲ್ಲ. ಬಿಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಹಿಡಿದುಕೊಳ್ಳುವುದೂ ರೂಢಿ. ಮೂವತ್ತೆಂಟು ಸಾವಿರದ ಮನೆಗೆ ಹತ್ತು ತಿಂಗಳೆಂದರೆ ಮೂರು ಲಕ್ಷ ಎಂಬತ್ತು ಸಾವಿರ. ಅಂಚೆ ಕಚೇರಿಯ ಪುಸ್ತಕದಲ್ಲಿ ಉಳಿಯುವುದು ಇಪ್ಪತ್ತು ಸಾವಿರ. ಮುಂಗಡ ಕೊಟ್ಟರೆ ಮೊಣಕಾಲಿಗೆ ಹಣವಿಲ್ಲ. ಮೊಣಕಾಲಿಗೆ ಇಟ್ಟುಕೊಂಡರೆ ಲಿಫ್ಟಿರುವ ಮನೆಯಿಲ್ಲ. ರಾತ್ರಿಯೆಲ್ಲ ನಾನೂ ನನ್ನ ಮಡದಿಯೂ ಕೂಡಿ ಕಳೆದು ನೋಡಿದರೂ ಲೆಕ್ಕ ಇದೇ ಬರುತ್ತಿತ್ತು. ತಾಯಿಯವರು ಒಳಗಿನಿಂದ, “ನನ್ನ ಕಾಲು ಎಲ್ಲಿಗೂ ಓಡಿ ಹೋಗಂಗಿಲ್ಲ, ಮುಂದಿನ ವರ್ಷ ನೋಡಿದ್ರಾಯ್ತು,” ಎಂದರು. ಆ ಮಾತಿಗೆ ನಗಲೂ ಆಗಲಿಲ್ಲ.

ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಪಡೆಯಬಾರದೆಂದಿದೆ. ಮೇಷ್ಟರ ಚಾಳಿ ಬಿಡುವುದಿಲ್ಲ. ಅದನ್ನು ಮುದ್ರಿಸಿಕೊಂಡು ಹೋಗಿ ದಲ್ಲಾಳಿಗೆ ತೋರಿಸಿದೆ. ಅವನು ಗೌರವದಿಂದ ಓದಿ, ಮಡಿಸಿ, ಹಿಂದಿರುಗಿಸಿದ. “ಸಾರ್, ಇದು ದಿಲ್ಲೀದು. ಇದು ವೈಟ್‌ಫೀಲ್ಡು.” ಅವನ ಮಾತಿನಲ್ಲಿ ನ್ಯಾಯವಿತ್ತು. ಮಾದರಿ ಎಂದರೆ ಮಾದರಿಯೇ. ರಾಜ್ಯ ಅದನ್ನು ತನ್ನ ಕಾನೂನಾಗಿ ಮಾಡಿಕೊಂಡ ಕಡೆಯಲ್ಲಷ್ಟೇ ಅದಕ್ಕೆ ಕೈಕಾಲು ಬರುವುದು.

ಮನೆ ಸಿಗದ ಆ ದಿನಗಳಲ್ಲಿ ನನಗೆ ಪುಷ್ಪದಂತನ ನೆನಪು ಬಹಳ ಬಂದಿತು. ವಾಡಿಗೆ ಅಷ್ಟೇನೂ ದೂರವಿಲ್ಲದ ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಅಂದಿನ ಮಹಾನಗರ ಅದು. ಮನೆ ಹುಡುಕಿ ಅಲ್ಲಿಗೆ ಜನ ಬರುತ್ತಿದ್ದ ಕಾಲ. ಹತ್ತನೆಯ ಶತಮಾನದಲ್ಲಿ ಅಪಭ್ರಂಶದ ಮಹಾಕವಿ ಪುಷ್ಪದಂತ ದಾರಿ ನಡೆದು ದಣಿದು ಬಂದು ಊರ ಹೊರಗಿನ ತೋಪಿನಲ್ಲೇ ತಂಗಿದನಂತೆ. ಅಭಿಮಾನಿ, ಒಳಗೆ ಹೋಗಲೊಲ್ಲ. ಕೊನೆಗೆ ಮಂತ್ರಿ ಭರತನು ಆತನನ್ನು ತನ್ನ ಮನೆಯಲ್ಲಿರಿಸಿಕೊಂಡು ಕಾವ್ಯ ಬರೆಯಿಸಿದ. 965ರಲ್ಲಿ ಮಹಾಪುರಾಣ ಮುಗಿಯಿತು. ಮುಂಗಡದ ಪ್ರಸ್ತಾಪ ಎಲ್ಲಿಯೂ ಕಾಣುವುದಿಲ್ಲ. ಆದರೆ 972ರಲ್ಲಿ ಪರಮಾರರ ಸೀಯಕ ಮಾನ್ಯಖೇಟವನ್ನು ಸೂರೆಗೊಂಡಾಗ, ಇನ್ನು ತಾನು ನೆಲೆಸುವುದೆಲ್ಲಿ ಎಂದು ಕವಿ ಹಲುಬಿದ ಪದ್ಯವೊಂದು ಅವನ ಕಾವ್ಯದ ಹಸ್ತಪ್ರತಿಗಳಲ್ಲಿ ಉಳಿದುಬಂದಿದೆ. ಎಂ.ಎ. ತರಗತಿಯಲ್ಲಿ ಅದನ್ನು ಕಾಲನಿರ್ಣಯದ ಆಧಾರವೆಂದು ಬರೆದುಕೊಂಡಿದ್ದೆ. ವೈಟ್‌ಫೀಲ್ಡಿನ ಬಸ್ ನಿಲ್ದಾಣದಲ್ಲಿ ಅದರ ಅರ್ಥವಾಯಿತು.

ಜೂನ್ ಕೊನೆಗೆ ಒಂದು ಮನೆ ದೊರೆಯುವ ಹಾಗಾಯಿತು. ಹೊಚ್ಚಹೊಸ ಕಟ್ಟಡ, ಏಳನೆಯ ಅಂತಸ್ತು, ಬಾಡಿಗೆ ಮೂವತ್ತೆರಡೇ ಸಾವಿರ, ಮುಂಗಡ ಆರು ತಿಂಗಳದು. ದೊಡ್ಡ ಕಿಟಕಿಗಳು, ಕನ್ನಡಿಯಂಥ ನೆಲ, ಅಡಿಗೆಮನೆಯಲ್ಲಿ ಮರದ ಕಪಾಟು. ನನ್ನ ಮಡದಿ ಪರದೆಗಳ ಅಳತೆಯನ್ನೇ ತೆಗೆದುಕೊಂಡಳು. ಕೊನೆಯದಾಗಿ ನೋಡಿ ಹೋಗಲೆಂದು ತಂದೆಯವರನ್ನು ಊರಿನಿಂದ ಕರೆಯಿಸಿದೆವು.

ಅವರು ಕಿಟಕಿಯ ಹೊರಗೆ ನೋಡಲಿಲ್ಲ. ನೇರವಾಗಿ ಬಚ್ಚಲಿನ ಹಿಂದಿನ ಗೋಡೆಯ ಬಳಿಗೆ ಹೋಗಿ ಹಿಂಗೈಯನ್ನು ಅದಕ್ಕೆ ಆನಿಸಿ ನಿಂತರು, ವೈದ್ಯರು ಮಗುವಿನ ಜ್ವರ ನೋಡುವ ಹಾಗೆ. ಆಮೇಲೆ ಜೇಬಿನಿಂದ ನಾಣ್ಯ ತೆಗೆದು ನೆಲದ ಬಿಲ್ಲೆಗಳನ್ನು ಒಂದೊಂದಾಗಿ ತಟ್ಟುತ್ತ ಹೋದರು. ಕೆಲವು ಬಿಲ್ಲೆಗಳು ಡೊಳ್ಳಿನಂತೆ ಸದ್ದು ಮಾಡಿದವು.

“ತಮ್ಮಾ, ಗ್ವಾಡಿ ಇನ್ನಾ ಹಸಿ ಅದ. ಮ್ಯಾಲೆ ಬಣ್ಣ ಹಚ್ಚ್ಯಾರ. ಇದು ಮಳಿಗಾಲಕ್ಕ ಉಪ್ಪು ಬಿಡ್ತದ ನೋಡು.”

ದಲ್ಲಾಳಿ, “ಹೊಸ ಮನೆ ಅಂದ್ರೆ ಹಾಗೇ ಯಜಮಾನ್ರೇ, ಆರುತ್ತೆ,” ಎಂದ.

“ಆರ್ತದ, ಖರೆ. ಲಿಫ್ಟಿಗೆ ಕರೆಂಟು ಎಲ್ಲಿಂದ ಬರ್ತದ?”

ನನಗಾಗಲಿ ನನ್ನ ಮಡದಿಗಾಗಲಿ ಕೇಳಬೇಕೆಂದು ತೋಚದ ಪ್ರಶ್ನೆ ಅದು. ದಲ್ಲಾಳಿ ಕಟ್ಟಡದವರ ಮೇಸ್ತ್ರಿಯನ್ನು ಕರೆದ. ಮೇಸ್ತ್ರಿ ಪ್ರಾಮಾಣಿಕ ಮನುಷ್ಯ. ಕಟ್ಟಡದ ಕೆಲಸಕ್ಕೆಂದು ಪಡೆದ ತಾತ್ಕಾಲಿಕ ಸಂಪರ್ಕದಿಂದಲೇ ಎಲ್ಲ ನಡೆಯುತ್ತಿದೆ, ಅದು ಸಾಲದೆ ಹೋದಾಗ ಜನರೇಟರು ಎಂದ. ನೀರು? ಟ್ಯಾಂಕರು. ಸ್ವಾಧೀನಾನುಭವ ಪತ್ರ? “ಓಸಿ ಪ್ರಾಸೆಸ್‌ನಲ್ಲಿದೆ ಸಾರ್,” ಎಂದು ದಲ್ಲಾಳಿಯೇ ನಡುವೆ ಬಂದ.

ಈ ಪತ್ರದ ವಿಚಾರವನ್ನು ಓದುಗರಿಗೆ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಬಾಡಿಗೆಗೆ ಹೋಗುವವರು ಅದು ಮಾಲೀಕರ ತಲೆನೋವೆಂದು ತಿಳಿಯುತ್ತಾರೆ. ಕಟ್ಟಡವನ್ನು ಮಂಜೂರಾದ ನಕ್ಷೆಯಂತೆ ಕಟ್ಟಿದೆ, ಜನ ವಾಸಿಸಲು ತಕ್ಕದ್ದಾಗಿದೆ ಎಂದು ನಗರಾಡಳಿತ ಕೊಡುವ ಪತ್ರವೇ ಅದು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಇಂಥ ಪತ್ರವನ್ನು ನೋಡಿದ ಮೇಲೆಯೇ ಕಟ್ಟಡಗಳಿಗೆ ನೀರು, ವಿದ್ಯುತ್ತಿನ ಸಂಪರ್ಕ ಕೊಡತಕ್ಕದ್ದೆಂದು ವಿಧಿಸಿತು. ಅದಾದ ಮೇಲೆ ಪತ್ರವಿಲ್ಲದ ಹೊಸ ಕಟ್ಟಡಗಳಿಗೆ ಖಾಯಂ ವಿದ್ಯುತ್ತು ದೊರೆಯುವುದು ಬೆಂಗಳೂರಿನಲ್ಲಿ ಕಷ್ಟವಾಯಿತು. ಅಂದರೆ ಬಾಡಿಗೆ ಕೊಡುವವನು ಯಾರೇ ಇರಲಿ, ಕತ್ತಲಲ್ಲಿ ಮೆಟ್ಟಿಲು ಹತ್ತುವವನು ಬಾಡಿಗೆದಾರನೇ.

ತಂದೆಯವರಿಗೆ ಸುಪ್ರೀಂ ಕೋರ್ಟಿನ ಸುದ್ದಿ ಗೊತ್ತಿರಲಿಲ್ಲ. ಅವರು ಕೇಳಿದ್ದು ಇಷ್ಟೇ: “ಆಪರೇಷನ್ ಆದ ಮ್ಯಾಲೆ ಕರೆಂಟು ಹೋದ್ರ ಇಕಿ ಏಳ್ನೇ ಮಾಳಗಿ ಹ್ಯಾಂಗ ಏರ್ತಾಳ?”

ಪರದೆಯ ಅಳತೆಯ ಚೀಟಿಯನ್ನು ನನ್ನ ಮಡದಿ ಮಡಿಸಿ ಚೀಲದಲ್ಲಿಟ್ಟಳು. ಮಾತಿಲ್ಲದೆ ಕೆಳಗಿಳಿದೆವು; ಲಿಫ್ಟಿನಲ್ಲಿಯೇ ಇಳಿದೆವು, ಆ ಹೊತ್ತಿಗೆ ಅದು ಸರಿಯಾಗಿಯೇ ನಡೆಯುತ್ತಿತ್ತು.

ಜುಲೈ ಮೊದಲ ವಾರದಲ್ಲಿ ದೊರೆತ ಮನೆ ಇದಕ್ಕಿಂತ ಕಿರಿದು, ಮೂರನೆಯ ಅಂತಸ್ತು, ಕಿಟಕಿಯಿಂದ ಕಾಣುವುದು ಇನ್ನೊಬ್ಬರ ಕಿಟಕಿ. ಕಟ್ಟಡಕ್ಕೆ ವರ್ಷ ತುಂಬಿತ್ತು, ಈ ಮನೆಯಲ್ಲಿ ಮಾತ್ರ ಯಾರೂ ವಾಸಿಸಿರಲಿಲ್ಲ. ಸ್ವಾಧೀನಾನುಭವ ಪತ್ರದ ಪ್ರತಿಯನ್ನು ಮಾಲೀಕರು ಕೇಳಿದೊಡನೆ ಕಳುಹಿಸಿದರು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಮುದ್ರೆ ಅದರ ಮೇಲಿದೆ. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೇ ಹೋಗಿ ಐದು ನಗರಪಾಲಿಕೆಗಳು ಬಂದವು, ಕಾಗದಕ್ಕೇನೂ ಬಾಧೆಯಿಲ್ಲ. ಕಾವೇರಿಯ ನಳವೂ ಇತ್ತು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಕಾವೇರಿ ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಆರಂಭವಾಗಿ, ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಏರ್ಪಾಡಾಯಿತು. ಅದೇ ವರ್ಷದ ಬೇಸಗೆಯಲ್ಲಿ ಇದೇ ಕೇರಿಗಳಲ್ಲಿ ಟ್ಯಾಂಕರಿಗೆ ಸರತಿ ನಿಂತು, ಜಿಲ್ಲಾಡಳಿತವೇ ಅದರ ದರ ನಿಗದಿ ಮಾಡಬೇಕಾಗಿ ಬಂದಿತ್ತು. ತಂದೆಯವರು ಗೋಡೆ ಮುಟ್ಟಿದರು, ನೆಲ ತಟ್ಟಿದರು, ನಳ ತಿರುಗಿಸಿ ಬೊಗಸೆಯಲ್ಲಿ ನೀರು ಹಿಡಿದು ಕುಡಿದರು. “ಆಗ್ಬಹುದು,” ಎಂದರು.

ಬಾಡಿಗೆ ಮೂವತ್ತೆಂಟು ಸಾವಿರ. ಮುಂಗಡ ಹತ್ತು ತಿಂಗಳದು.

ಮಾಲೀಕರು ಪುಣೆಯಲ್ಲಿರುವ ತರುಣ ದಂಪತಿಗಳು. ಫೋನಿನಲ್ಲಿ ಮಾತನಾಡಿದವಳು ನನ್ನ ಮಡದಿ, ಆ ಕಡೆಯಿಂದ ಆ ಮನೆಯಾಕೆ. ಮೊದಲ ಹತ್ತು ನಿಮಿಷ ಹಣದ ಮಾತೇ ಇರಲಿಲ್ಲ. ಅತ್ತೆಯವರ ಮೊಣಕಾಲು, ಆ ಕಡೆಯ ಅತ್ತೆಯವರ ಸೊಂಟ, ಇವೇ ನಡೆದವು. ಆಮೇಲೆ ತಿಳಿದುಬಂದದ್ದು ಇದು: ಅವರು ಈ ಮನೆಯನ್ನು ಬ್ಯಾಂಕಿನ ಸಾಲದಲ್ಲಿ ಕೊಂಡವರು; ಕೀಲಿಕೈ ದೊರೆತ ಮೂರನೆಯ ತಿಂಗಳಿಗೆ ಕೆಲಸ ಪುಣೆಗೆ ಸಾಗಿತು; ಅಲ್ಲಿ ಬಾಡಿಗೆಗೆ ಇದ್ದಾರೆ. ನಮ್ಮ ಬಾಡಿಗೆ ಅವರ ಕಂತಿಗೆ ಸಾಲದು, ಮೇಲೆ ಕೈಯಿಂದ ಹಾಕುತ್ತಾರೆ. ತಾವೇ ಆರಿಸಿ ಹಾಕಿಸಿದ ನೆಲದ ಮೇಲೆ ಅವರು ಒಂದು ರಾತ್ರಿಯೂ ಮಲಗಿಲ್ಲ. ಮನೆಯ ಒಡೆಯರೆಂದರೆ ಒಂದೇ ಅಚ್ಚಿನವರೆಂದು ತಿಂಗಳೊಪ್ಪತ್ತು ಶಪಿಸುತ್ತಿದ್ದ ನನಗೆ ಈ ಸಮಾಚಾರ ಕೊಂಚ ಅನನುಕೂಲವಾಯಿತು.

ಒಂದು ಗಂಟೆಯ ಮಾತಿನ ಕೊನೆಗೆ ಮುಂಗಡ ನಾಲ್ಕು ತಿಂಗಳಿಗೆ ಇಳಿಯಿತು. ಒಂದು ಲಕ್ಷ ಐವತ್ತೆರಡು ಸಾವಿರ. ನಮ್ಮ ಉಳಿತಾಯ, ಅದರ ಮೇಲೆ ಕಾಲೇಜಿನ ನೌಕರರ ಸಹಕಾರ ಸಂಘದ ಸಾಲ ಸೇರಿ ಅದು ಕೂಡಿಬಂದಿತು. ಅಂಚೆ ಕಚೇರಿಯ ಪುಸ್ತಕ ಮುಟ್ಟದೆ ಉಳಿಯಿತು.

ಕರಾರು ಹನ್ನೊಂದು ತಿಂಗಳಿನದು. ವರ್ಷಕ್ಕೆ ಒಂದು ತಿಂಗಳು ಏಕೆ ಕಡಿಮೆ ಎಂದು ತಾಯಿಯವರಿಗೆ ಕುತೂಹಲ. 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷವನ್ನು ಮೀರಿದ ಗೇಣಿಯ ಪತ್ರವನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಆ ಖರ್ಚೂ ತಾಪತ್ರಯವೂ ಬೇಡವೆಂದು ದೇಶಕ್ಕೆ ದೇಶವೇ ಹನ್ನೊಂದಕ್ಕೆ ನಿಂತಿದೆ. ಕನ್ನಡದಲ್ಲಿ ಬಾಡಿಗೆದಾರ ಎಂಬ ಮಾತಿಗಿಂತ ಹಳೆಯದು ಒಕ್ಕಲು. ಒಕ್ಕಲೆಂದರೆ ನೆಲೆ ನಿಂತವನು, ಉಳುವವನು, ಒಂದು ಸಂಸಾರ. ನೆಲ ಇನ್ನೊಬ್ಬರದಾದರೂ ಅದರ ಮೇಲೆ ಕಾಲೂರಿ ಬಾಳುವವನು. ಆ ಮಾತು ಊರುಗಳಲ್ಲೇ ಉಳಿಯಿತು. ನಗರಕ್ಕೆ ಬಂದದ್ದು ಒಕ್ಕಲೆಬ್ಬಿಸುವುದು ಎಂಬ ಕ್ರಿಯಾಪದ ಮಾತ್ರ. ಕರಾರನ್ನು ನನ್ನ ಮಡದಿ ಸಾಲುಸಾಲಾಗಿ ಓದಿ ಒಂದು ಕಡೆ ಬೆರಳಿಟ್ಟಳು: ಬಿಡುವಾಗ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ. ಹನ್ನೊಂದು ತಿಂಗಳಲ್ಲಿ ಎಷ್ಟು ಬಣ್ಣ ಸವೆದೀತೆಂದು ಅವಳು ಕೇಳಿದ ಮೇಲೆ, ಎರಡು ವರ್ಷದೊಳಗೆ ಬಿಟ್ಟರೆ ಅರ್ಧ ಎಂದು ತಿದ್ದುಪಡಿಯಾಯಿತು.

ಬಾಡಿಗೆ ಮನೆಯಾದರೂ ಹಾಲುಕ್ಕಿಸಿದೆವು. ವಿದ್ಯುತ್ತಿನ ಒಲೆ, ಜ್ವಾಲೆಯಿಲ್ಲ. ಹಾಲು ಮಾತ್ರ ಎಂದಿನಂತೆ ಉಕ್ಕಿತು.

ಆಗಸ್ಟಿನಲ್ಲಿ ಚಿಕಿತ್ಸೆ ಆಯಿತು, ಚೆನ್ನಾಗಿಯೇ ಆಯಿತು. ಮನೆಗೆ ಬಂದ ಮೇಲೆ ದಿನಕ್ಕೆರಡು ಸಲ ನಡೆಯಬೇಕೆಂದು ವೈದ್ಯರ ಅಪ್ಪಣೆ. ಆದರೆ ಒಳಗಿನ ನೆಲ ಕನ್ನಡಿ. ತಾಯಿಯವರು ನಡಿಗೆಯ ಚೌಕಟ್ಟು ಹಿಡಿದು ಅದರ ಮೇಲೆ ಒಂದು ಹೆಜ್ಜೆಯಿಟ್ಟರೆ ನಮಗೆಲ್ಲ ಎದೆ ನಡುಗುತ್ತಿತ್ತು. ತಂದೆಯವರು ಕೆಳಗೆ ಹೋಗಿ ಸುತ್ತಾಡಿ ಬಂದು, “ಹಿಂದ್ಗಡೆ ನಮ್ಮೂರ ಫರಸಿ ಹಾಸ್ಯಾರ,” ಎಂದರು. ಕಟ್ಟಡದ ಹಿಂಬದಿಯಲ್ಲಿ ಗಿಡಗಳ ನಡುವೆ ಒಂದು ಕಾಲುದಾರಿ. ನುಣುಪು ಮಾಡದ ಬೂದುಬಣ್ಣದ ಶಹಾಬಾದು ಕಲ್ಲು. ಅಂದಿನಿಂದ ಬೆಳಿಗ್ಗೆ ಸಂಜೆ ಲಿಫ್ಟಿನಲ್ಲಿ ಇಳಿದು ತಾಯಿಯವರು ಅದರ ಮೇಲೆ ನಡೆದರು. ಮೊದಲು ಹತ್ತು ಕಲ್ಲು, ಆಮೇಲೆ ಇಪ್ಪತ್ತು. ಗಜದ ಲೆಕ್ಕ ಅವರಿಗೆ ಬೇಕಾಗಲಿಲ್ಲ. ಊರಿನ ಕಲ್ಲೆಂದು ನಾನೇನೂ ಭಾವುಕನಾಗಲಿಲ್ಲ. ಅದೇ ಕಲ್ಲಿನ ಮಾಳಿಗೆಯ ಕೆಳಗೆ ವಾಡಿಯ ಮೇ ತಿಂಗಳನ್ನು ಕಳೆದವರಿಗೆ ಅದು ಕಾದ ಹೆಂಚೆಂಬುದೂ ಗೊತ್ತು. ಆದರೆ ಕಾಲು ಜಾರುವುದಿಲ್ಲ, ಅದು ನಿಜ.

ಆ ದಾರಿಯಲ್ಲಿ ನಾಲ್ಕು ಕಲ್ಲು ಒಡೆದು ಮೇಲೆದ್ದಿದ್ದವು. ಸಂಘಕ್ಕೆ ಹೇಳೋಣವೆಂದರೆ, ಸಂಘ ಮನೆಗಳ ಒಡೆಯರದು. ಬಾಡಿಗೆದಾರರಿಗೆ ಸಭೆಯಲ್ಲಿ ಸ್ಥಾನವಿಲ್ಲ, ಮತವಿಲ್ಲ. ನಾನು ನಿಯಮಾವಳಿ ಹುಡುಕುತ್ತಿರುವಾಗಲೇ ತಂದೆಯವರು ಕಾರ್ಯದರ್ಶಿಗಳನ್ನು ಲಿಫ್ಟಿನಲ್ಲಿ ಹಿಡಿದು, ಕಲ್ಲಿನ ಬುಡಕ್ಕೆ ಉಸುಕು ಸರಿಯಾಗಿ ಹಾಸಿಲ್ಲ, ನೀರು ನಿಂತು ಎಬ್ಬಿಸಿದೆ ಎಂದು ವಿವರಿಸಿದ್ದರು. ಭಾನುವಾರ ಕಾರ್ಯದರ್ಶಿಗಳೇ ಗಾರೆಯವನನ್ನು ಕರೆದುಕೊಂಡು ನಮ್ಮ ಬಾಗಿಲಿಗೆ ಬಂದರು. “ಯಜಮಾನರು ಸ್ವಲ್ಪ ಬಂದು ನಿಂತು ಹೇಳಿದರೆ ಒಳ್ಳೆಯದು.” ತಂದೆಯವರು ಅಂಗಿ ಹಾಕಿಕೊಂಡು ಹೊರಟರು. ಎರಡು ಗಂಟೆ ಕಾಲ ಬಿಸಿಲಲ್ಲಿ ನಿಂತು, ಉಸುಕು ಹಾಸಿಸಿ, ಮಟ್ಟ ನೋಡಿ, ಒಂದು ಕಲ್ಲನ್ನು ಎರಡು ಸಲ ತೆಗೆಸಿ ಕೂರಿಸಿದರು. ಗಾರೆಯವನು ಯಾದಗಿರಿ ಕಡೆಯ ಹುಡುಗ. ಇಬ್ಬರೂ ಜೋರಾಗಿಯೇ ಮಾತನಾಡಿದರು.

ಈಗ ಕರಾರು ಮುಗಿಯುತ್ತ ಬಂದಿದೆ. ಬಾಡಿಗೆಯನ್ನು ಶೇಕಡ ಐದರಷ್ಟು ಏರಿಸಬೇಕೆಂದು ಪುಣೆಯಿಂದ ಸಂದೇಶ ಬಂದಿದೆ. ಅದರ ಕೆಳಗೆಯೇ, ಅಮ್ಮನವರು ಹೇಗೆ ನಡೆಯುತ್ತಿದ್ದಾರೆ ಎಂಬ ವಿಚಾರಣೆಯೂ ಇದೆ. ನನ್ನ ಮಡದಿ ಎರಡಕ್ಕೂ ಸೇರಿಸಿ ಉತ್ತರ ಬರೆಯುತ್ತಿದ್ದಾಳೆ. ಮೂರಕ್ಕೆ ಇಳಿದೀತೆಂದು ಅವಳ ಅಂದಾಜು.